ಚಕ್ಕಳಮಕ್ಕಳ ಹಾಕಿ ಕೂತ ಇಂಗ್ಲಿಷ್

ಹೋದ ವಾರ ನಮ್ಮ ಆಸ್ಪತ್ರೆಯ ಕೌಂಟರಿನ ಎದುರು ಯಾರೋ ಒದ್ದೆ ಕೊಡೆಯ ಕೆಳಗೆ ಇಂಗ್ಲಿಷ್ ಪತ್ರಿಕೆಯೊಂದನ್ನು ಹಾಸಿ ಹೋಗಿದ್ದರು. ಮಳೆನೀರು ಕುಡಿದ ಪತ್ರಿಕೆಗೆ ಒಂದು ವಾಸನೆ ಇರುತ್ತದೆ, ಶಾಯಿಯದ್ದೂ ಹೌದು, ಮುಗ್ಗಲಿನದ್ದೂ ಹೌದು. ಬೇರೆಯವರಿಗೆ ಅದು ಕಸದ ವಾಸನೆ. ನನಗೆ ಮಾತ್ರ ಅದು ಬಸ್ಸುಗಳು ಓಡದ ಆ ಮಳೆಗಾಲದ ವಾಸನೆ, ನಾನು ಗೆದ್ದ ಮಳೆಗಾಲದ್ದು. ಗೆದ್ದದ್ದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸೋತದ್ದನ್ನು ಊರೇ ಹೇಳಿಕೊಂಡು ತಿರುಗುತ್ತದೆ, ಗೆದ್ದದ್ದನ್ನು ನಾವೇ ಹೇಳಬೇಕು.

ಆಗಲೂ ನಾನು ಮಂಗಳೂರಿನ ಪಂಪ್‌ವೆಲ್ ಹತ್ತಿರದ ಇದೇ ಆಸ್ಪತ್ರೆಯಲ್ಲಿ ವಿಚಾರಣೆಯ ಕೌಂಟರಿನಲ್ಲಿದ್ದೆ. ಮನೆ ಉರ್ವದಲ್ಲಿ. ಅಜ್ಜನ ಕಾಲದಲ್ಲಿ ನಮಗೆ ಗದ್ದೆ ಇತ್ತಂತೆ. ನಮ್ಮ ಕಾಲಕ್ಕೆ ಅದರ ಮೇಲೆ ಬೇರೆಯವರ ಅಪಾರ್ಟ್‌ಮೆಂಟ್ ಇತ್ತು. ಮನೆಯಲ್ಲಿ ಮೊಣಕಾಲು ನೋವಿನ ಅಮ್ಮ, ಬಟ್ಟೆ ಅಂಗಡಿಯ ಕೆಲಸದಿಂದ ನಿವೃತ್ತರಾದ ಅಮ್ಮನ ತಮ್ಮ ಸಂಜೀವ ಮಾವ, ಮತ್ತೆ ನಾನು. ಒಲೆ ಉರಿಯುತ್ತಿದ್ದದ್ದು ನನ್ನ ಸಂಬಳದಿಂದ. ಆ ವರ್ಷ ಆಸ್ಪತ್ರೆಯವರು ಎಲ್ಲ ಕೌಂಟರುಗಳನ್ನು ಸೇರಿಸಿ ಒಂದೇ ಮಾಡಲು ಹೊರಟರು. ಹೊರ ರಾಜ್ಯದವರು, ಹೊರದೇಶದ ವಿದ್ಯಾರ್ಥಿಗಳು ಬರುತ್ತಾರೆ, ಅವರ ಹತ್ತಿರ ಇಂಗ್ಲಿಷಿನಲ್ಲಿ ಮಾತನಾಡಬಲ್ಲವರು ಮಾತ್ರ ಉಳಿಯುತ್ತಾರೆ ಎಂದರು. ಉಳಿಯಬೇಕಾದರೆ ಒಂದು ಇಂಟರ್‌ವ್ಯೂ.

ನಾನು ಅದರಲ್ಲಿ ಅದಾಗಲೇ ಎರಡು ಸಲ ಬಿದ್ದಿದ್ದೆ. ಇಂಗ್ಲಿಷ್ ನನಗೆ ಅರ್ಥವಾಗುತ್ತಿತ್ತು, ಓದಲೂ ಬರುತ್ತಿತ್ತು. ಆದರೆ 'ನಿಮ್ಮ ಬಗ್ಗೆ ಹೇಳಿ' ಎಂದು ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ 'ಮೈ ನೇಮ್ ಈಸ್ ಜಲಜಾಕ್ಷಿ' ಎನ್ನುತ್ತಿದ್ದೆ, ಆಮೇಲೆ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಏಳನೆಯ ಕ್ಲಾಸಿನಿಂದ ಕಲಿತ ಪದಗಳೆಲ್ಲ ಗಂಟಲಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತಿದ್ದವು. ಮೂರನೆಯ ಸಲವೂ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಮೆತ್ತಗೆ ಹೇಳಿದ್ದರು. ಮೆತ್ತಗೆ ಹೇಳಿದರೂ ಅದು ನೆಟ್ಟಗೆ ಎದೆಗೇ ನಾಟಿತ್ತು.

ಹಾಗಾಗಿ ಉರ್ವ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿದ್ದ ಐರಿನ್ ಟೀಚರ ಮನೆಗೆ ಹೋಗತೊಡಗಿದೆ. ಅವರು ಶಾಲೆಯಿಂದ ನಿವೃತ್ತರಾದ ಮೇಲೆ ಸಂಜೆ ತಮ್ಮ ಮನೆಯ ಚಾವಡಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನಿಯಮ ಒಂದೇ. ದಿನಕ್ಕೊಂದು ಸುದ್ದಿ ಓದಬೇಕು, ಅದರ ಬಗ್ಗೆ ಮಾತನಾಡಬೇಕು, ಚಾವಡಿಯ ಮೆಟ್ಟಿಲು ಹತ್ತಿದ ಮೇಲೆ ತುಳು, ಕೊಂಕಣಿ, ಕನ್ನಡ ಎಲ್ಲ ಹೊರಗೆ. ನಾವು ಓದುತ್ತಿದ್ದೆವು, ಮಾತು ಮಾತ್ರ ಬರುತ್ತಿರಲಿಲ್ಲ. ಇವತ್ತು ಚಿನ್ನದ ಬೆಲೆ, ನಾಳೆ ಯಾವುದೋ ದೇಶದ ಚುನಾವಣೆ, ನಾಡಿದ್ದು ಕ್ರಿಕೆಟ್. ಒಂದು ದಿನ ಕಲಿತ ಪದ ಮರುದಿನ ಮುಖ ತೋರಿಸುತ್ತಿರಲಿಲ್ಲ. ಮದುವೆ ಮನೆಯಲ್ಲಿ ಒಮ್ಮೆ ಸಿಕ್ಕ ನೆಂಟರ ಹಾಗೆ, ಹೆಸರು ನೆನಪಿಟ್ಟುಕೊಳ್ಳುವಷ್ಟರಲ್ಲಿ ಮಾಯವಾಗಿಬಿಡುತ್ತಿತ್ತು.

ಅಷ್ಟರಲ್ಲಿ ಸಿಟಿ ಬಸ್ಸಿನ ಡ್ರೈವರುಗಳೂ ಕಂಡಕ್ಟರುಗಳೂ ಮುಷ್ಕರ ಹೂಡಿದರು. ಆಷಾಢದ ಮಳೆ, ನಮ್ಮ ಕಡೆ ಅದು ಆಟಿ ತಿಂಗಳು. ಕೊಡೆ ಇದ್ದರೂ ಇಲ್ಲದಿದ್ದರೂ ಒಂದೇ. ಪಂಪ್‌ವೆಲ್ ಫ್ಲೈಓವರಿನ ಕೆಳಗೆ ಜನ ಆಟೋಗಳ ಹಿಂದೆ ಓಡುತ್ತಿದ್ದರು. ನಾನು ಅರ್ಧ ದಾರಿ ಯಾರದೋ ಜೊತೆ ಆಟೋದಲ್ಲಿ, ಇನ್ನರ್ಧ ನಡೆದು, ಸೀರೆಯ ಅಂಚಿನಿಂದ ನೀರು ಹಿಂಡುತ್ತಾ ಟೀಚರ ಮೆಟ್ಟಿಲು ಹತ್ತಿದೆ. ಅಲ್ಲಿ ಹರೀಶ ಒಣಗಿದ ಅಂಗಿ ಹಾಕಿಕೊಂಡು ಆರಾಮವಾಗಿ ಕೂತಿದ್ದ. ಶಕ್ತಿನಗರದ ಹುಡುಗ, ಸಿಟಿ ಬಸ್ಸಿನ ಕಂಡಕ್ಟರ್. ಗಲ್ಫಿನಲ್ಲಿ ಪ್ರವಾಸಿಗರ ಬಸ್ಸಿನಲ್ಲಿ ಕೆಲಸ ಹಿಡಿಯಬೇಕೆಂದು ಇಂಗ್ಲಿಷ್ ಕಲಿಯುತ್ತಿದ್ದ. ರಜೆ ಇದ್ದ ದಿನ ಮಾತ್ರ ಬರುತ್ತಿದ್ದವನಿಗೆ ಈಗ ಮುಷ್ಕರದಿಂದಾಗಿ ದಿನವೂ ರಜೆ. ಅವನನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ನಿಮ್ಮ ಸ್ಟ್ರೈಕಿನಿಂದ ನಾವು ಸಾಯ್ಬೇಕಾ ಮಾರಾಯ? ನೀನು ಇಲ್ಲಿ ಬೆಚ್ಚಗೆ ಕೂತಿದ್ದಿ!" ಎಂದೆ.

"ಅಕ್ಕ, ನಾವೆಂತ ಕುಶಿಗೆ ಮಾಡಿದ್ದಾ? ಬೆಳಿಗ್ಗೆಯಿಂದ ರಾತ್ರಿವರೆಗೆ ಫುಟ್‌ಬೋರ್ಡಿನಲ್ಲಿ ನೇತಾಡುವವರು ನಾವು. ನೀವು ಒಂದು ದಿನ ನಿಂತು ನೋಡಿ, ಗೊತ್ತಾಗ್ತದೆ!"

ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಐರಿನ್ ಟೀಚರ್ ಸ್ಕೇಲಿನಿಂದ ಮೇಜಿಗೆ ಒಂದು ಏಟು ಕೊಟ್ಟರು. ನಿಯಮ ಮುರಿದದ್ದಕ್ಕೆ ಬೈಯುತ್ತಾರೆ ಅಂದುಕೊಂಡೆ. "ಜಗಳ ಮಾಡಿ, ತೊಂದರೆ ಇಲ್ಲ, ಇಂಗ್ಲಿಷಿನಲ್ಲಿ ಮಾಡಿ" ಎಂದು ಇಂಗ್ಲಿಷಿನಲ್ಲೇ ಹೇಳಿದರು. ಅಷ್ಟು ಹೊತ್ತು ಹೊಳೆಯ ಹಾಗೆ ಹರಿಯುತ್ತಿದ್ದ ಬಾಯಿಗಳು ಎರಡೂ ಒಟ್ಟಿಗೆ ಮುಚ್ಚಿದವು. ಹರೀಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಟೀಚರ್ ನಕ್ಕರು. ನನಗೆ ಅವತ್ತು ನಗು ಬರಲಿಲ್ಲ, ಅಳುವೇ ಬಂತು.

ಮನೆಗೆ ಬಂದು ಸಂಜೀವ ಮಾವನ ಹತ್ತಿರ ಇದನ್ನೆಲ್ಲ ಹೇಳಿದೆ. ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಭಜನಾ ಮಂದಿರದ ತಾಳಮದ್ದಳೆ ಕೂಟದಲ್ಲಿ ಅವರು ಹಳೆಯ ಅರ್ಥಧಾರಿ. ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಅರ್ಥಧಾರಿಗಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಎದುರುಬದುರು ಕೂರುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆಮೇಲೆ ರಾಜನ ಪಾತ್ರದವನೂ ಸಂಧಾನಕ್ಕೆ ಬಂದ ದೂತನ ಪಾತ್ರದವನೂ ಬಾಯಿಪಾಠವಿಲ್ಲದೆ, ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದಕ್ಕೆ ಇಳಿಯುತ್ತಾರೆ. ಮಾವ ಮನೆಯಲ್ಲಿ ಸಾಧು ಮನುಷ್ಯ. ಚಾಪೆಯ ಮೇಲೆ ಕೂತರೆ ಚಕ್ರವರ್ತಿ.

"ಹಾಗಾದ್ರೆ ನಿಮಗೆ ಪ್ರಸಂಗ ಸಿಕ್ಕಿತಲ್ಲ ಮಗಾ" ಎಂದರು ಮಾವ. "ಒಬ್ಬರು ಬಿಟ್ಟುಕೊಡುದಿಲ್ಲ, ಇನ್ನೊಬ್ಬರು ಬಿಡುದಿಲ್ಲ, ನಡುವೆ ಸಂಧಾನ. ಇದಕ್ಕಿಂತ ಒಳ್ಳೆ ಪ್ರಸಂಗ ಎಲ್ಲಿ ಉಂಟು? ನೀನು ನೀನಾಗಿ ಮಾತಾಡ್ಲಿಕ್ಕೆ ಹೋಗ್ತಿ, ಅದಕ್ಕೆ ನಾಚಿಕೆ ಬರ್ತದೆ. ಪಾತ್ರವಾಗಿ ಕೂತ್ಕೋ. ಪಾತ್ರಕ್ಕೆಂತ ನಾಚಿಕೆ?"

ಮರುದಿನ ಮಾವ ತಾಳ ಹಿಡಿದುಕೊಂಡು ನನ್ನ ಜೊತೆ ಕ್ಲಾಸಿಗೇ ಬಂದರು. ಐರಿನ್ ಟೀಚರ್ ಕನ್ನಡಕದ ಮೇಲಿಂದ ನೋಡಿ, ಇದು ಕ್ಲಾಸು, ಭಜನಾ ಮಂದಿರ ಅಲ್ಲ ಎಂದರು. ಮಾವ ಕೈಮುಗಿದು, "ಟೀಚರ್, ಒಂದು ದಿನ ನೋಡಿ. ಆಗದಿದ್ರೆ ನಾನೇ ಚಾಪೆ ಮಡಚಿಟ್ಟು ಹೋಗ್ತೇನೆ" ಎಂದರು. ಕುರ್ಚಿಗಳನ್ನು ಬದಿಗೆ ಸರಿಸಿ ಚಾಪೆ ಹಾಸಿದೆವು. ಮಾವ ಪಾತ್ರ ಹಂಚಿದರು, ಅದೂ ಉಲ್ಟಾ. ಮುಷ್ಕರದ ಮೇಲೆ ಸಿಟ್ಟಾಗಿದ್ದ ನಾನು ಕಾರ್ಮಿಕಳ ಪಾತ್ರ, ಮುಷ್ಕರ ಹೂಡಿದ್ದ ಹರೀಶ ಬಸ್ಸಿನ ಧಣಿ. ಎದುರಿನವನ ಬಾಯಲ್ಲಿ ಕೂತು ನೋಡಿದ ಮೇಲೇ ಅರ್ಥಧಾರಿಗೆ ಮಾತು ಹುಟ್ಟುವುದು ಎನ್ನುವುದು ಮಾವನ ಲೆಕ್ಕ.

ಭಾಗವತರು ಬೇಕಲ್ಲ? ಪದ್ಯದ ಬದಲು ದಿನದ ಪತ್ರಿಕೆಯ ತಲೆಬರಹ ಹಾಡುವುದು ಎಂದಾಯಿತು. ಯಾರು ಹಾಡುವುದು ಎಂಬ ಪ್ರಶ್ನೆ ಬಂದಾಗ, ವರ್ಷಗಟ್ಟಲೆ ಇಗರ್ಜಿಯ ಗಾಯನ ವೃಂದದಲ್ಲಿ ಹಾಡಿದ್ದ ಐರಿನ್ ಟೀಚರ್ ಗಂಟಲು ಸರಿಮಾಡಿಕೊಂಡರು. ಬಸ್ ಮುಷ್ಕರ ಎರಡನೆಯ ದಿನಕ್ಕೆ ಕಾಲಿಟ್ಟಿದೆ, ಪ್ರಯಾಣಿಕರು ಅತಂತ್ರ ಎಂಬ ಇಂಗ್ಲಿಷ್ ಸಾಲನ್ನು ಅವರು ಪ್ರಾರ್ಥನೆಯ ಧಾಟಿಯಲ್ಲಿ ಎಳೆದೆಳೆದು ಹಾಡಿದರು. ಮಾವ ತಾಳ ಹಾಕಿದರು. ಹೊರಗೆ ಮಳೆ ಧೋ ಎನ್ನುತ್ತಿತ್ತು. ಅಂಥ ಹಿಮ್ಮೇಳ ಅದಕ್ಕೂ ಮೊದಲು ಮಂಗಳೂರಿನಲ್ಲಿ ಆಗಿರಲಿಕ್ಕಿಲ್ಲ, ಆಮೇಲೆ ಆದದ್ದಂತೂ ನಾನು ಕೇಳಿಲ್ಲ.

ಆ ತಲೆಬರಹದಲ್ಲಿ 'ಸ್ಟ್ರಾಂಡೆಡ್' ಎಂಬ ಪದವಿತ್ತು. ಬಸ್ಸಿಲ್ಲದೆ ದಾರಿಯಲ್ಲಿ ಸಿಕ್ಕಿಹಾಕಿಕೊಂಡವರು ಎಂದು ಟೀಚರ್ ಅರ್ಥ ಹೇಳಿದರು. ಅಯ್ಯೋ, ಅದು ನಾನೇ ಅಲ್ಲವೇ! ಇಂಗ್ಲಿಷ್ ಪತ್ರಿಕೆಯಲ್ಲಿ ನನ್ನನ್ನೇ ನಾನು ಕಂಡದ್ದು ಅದೇ ಮೊದಲು. ಅವತ್ತಿನಿಂದ ಆ ಪದ ನನ್ನನ್ನು ಬಿಟ್ಟು ಹೋಗಿಲ್ಲ. ಮಾರನೆಯ ದಿನ 'ಡಿಮಾಂಡ್' ಬಂತು, ಅದರ ಮಾರನೆಯ ದಿನ 'ಗ್ರೀವೆನ್ಸ್', ಅಂದರೆ ಅಹವಾಲು. ಮಾತುಕತೆ ಮುರಿದು ಬಿದ್ದ ದಿನ 'ಡೆಡ್‌ಲಾಕ್' ಬಂತು. ಅದೇನೆಂದು ಮಾವ ಕೇಳಿದರು. ಹಗ್ಗವನ್ನು ಇಬ್ಬರೂ ಬಿಡುವುದಿಲ್ಲ, ಎಳೆಯಲೂ ಆಗುವುದಿಲ್ಲ ಎಂದೆ. "ಹೋ, ನಿನ್ನ ಅಮ್ಮನದ್ದೂ ನನ್ನದೂ ದಿನಾ ಇರುದಲ್ವಾ ಅದು" ಎಂದರು ಮಾವ. ಮುಷ್ಕರದ ಸುದ್ದಿ ಧಾರಾವಾಹಿಯ ಹಾಗೆ. ನಿನ್ನೆಯ ಪದಗಳೇ ಇವತ್ತು ಸ್ವಲ್ಪ ಬೇರೆ ಮುಖ ಹೊತ್ತು ಬರುತ್ತಿದ್ದವು, ಮುಂದೆ ಏನಾಗುತ್ತದೆಂದು ತಿಳಿಯಲು ನಾವೇ ಅವುಗಳ ಹಿಂದೆ ಓಡುತ್ತಿದ್ದೆವು. ನೆಂಟರು ಹೋಗಿ ನೆರೆಕರೆಯವರಾದರು.

ಆದರೂ ಮೊದಲ ದಿನ ನನ್ನ ಬಾಯಿಂದ ಹೊರಟದ್ದು ಎರಡೇ ವಾಕ್ಯ. ಮಾವ ತಾಳ ನಿಲ್ಲಿಸಿದರು. "ಪೀಠಿಕೆ ಎಲ್ಲಿ? ಪಾತ್ರ ಬಂದ ಕೂಡ್ಲೇ ಜಗಳಕ್ಕೆ ಬೀಳುದಾ? ನಾನು ಯಾರು, ಎಲ್ಲಿಯವಳು, ಎಂತಕ್ಕೆ ಈ ಸಭೆಗೆ ಬಂದೆ, ಇದನ್ನು ಮೊದಲು ಹೇಳ್ಬೇಕು. ಪೀಠಿಕೆ ಗಟ್ಟಿ ಇದ್ರೆ ಆಮೇಲೆ ಮಾತು ತಾನಾಗಿ ಬರ್ತದೆ" ಎಂದರು. ಇಂಟರ್‌ವ್ಯೂನಲ್ಲಿ ಎರಡು ಸಲ ನನ್ನನ್ನು ಬೀಳಿಸಿದ್ದು ಇದೇ ಪೀಠಿಕೆ. ಅವರು ಕೇಳಿದ್ದು ಹೆಸರಲ್ಲ, ಈ ಸಭೆಗೆ ನೀನು ಯಾಕೆ ಬಂದೆ ಎಂದು.

ಪೀಠಿಕೆ ಕಟ್ಟಲು ಕೂತೆ. ಈ ನಗರದ ಕಾರ್ಮಿಕಳು ನಾನು, ಬೆಳಕು ಹರಿಯುವ ಮೊದಲು ಏಳುವವಳು, ನಿಮ್ಮನ್ನೆಲ್ಲ ಮನೆ ಮುಟ್ಟಿಸಿ ಕೊನೆಗೆ ಮನೆ ಸೇರುವವಳು ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. ಹರೀಶ ಧಣಿಯಾಗಿ ಮೀಸೆ ತಿರುವಿದ. ಡೀಸೆಲ್ಲು, ಟಯರು, ಇನ್ಶೂರೆನ್ಸು, ಗುಂಡಿಬಿದ್ದ ರಸ್ತೆ ಎಂದು ಅವನು ಅಡ್ಡಡ್ಡ ವಾದಿಸಿದ ರೀತಿಗೆ ನಿಜವಾದ ಧಣಿಗಳೂ ತಲೆದೂಗಬೇಕು. ನನಗೆ ಸಿಟ್ಟು ಬಂತು, ಆದರೆ ಈ ಸಲದ ಸಿಟ್ಟು ಇಂಗ್ಲಿಷಿನಲ್ಲಿ ಬಂತು. ವ್ಯಾಕರಣ ಕುಂಟಿದಲ್ಲಿ ಟೀಚರ್ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಒಂದೊಂದಾಗಿ ತಿದ್ದಿದರು.

ದಿನ ಕಳೆದ ಹಾಗೆ ಮಾರ್ಕೆಟ್ಟಿನಿಂದ ಮೀನು ತೆಗೆದುಕೊಂಡು ಹೋಗುವವರು ಟೀಚರ ಗೇಟಿನ ಬಳಿ ಕೊಡೆ ಹಿಡಿದು ನಿಲ್ಲತೊಡಗಿದರು. "ಇಂಗ್ಲಿಷಿನಲ್ಲಿ ತಾಳಮದ್ದಳೆ ಆಗ್ತಾ ಉಂಟಂತೆ ಮಾರಾಯ್ರೆ, ಆ ಕಂಡಕ್ಟರ್ ಭಾರೀ ಜೋರಂತೆ" ಎಂದು ಸುದ್ದಿ ಹಬ್ಬಿತ್ತು. ಒಮ್ಮೆ ಹರೀಶನ ಒಂದು ಮಾತಿಗೆ ನಾನು ತಪ್ಪು ಪದ ಬಳಸಿ, ನಾಲಿಗೆ ಕಚ್ಚಿಕೊಂಡು, ಮೊದಲಿನಿಂದ ಹೇಳುತ್ತೇನೆ ಎಂದೆ. ಮಾವ ಕಣ್ಣು ಕೆಂಪು ಮಾಡಿದರು. "ಸಭೆಯಲ್ಲಿ ಆಡಿದ ಮಾತನ್ನು ನುಂಗ್ಲಿಕ್ಕಿಲ್ಲ. ತಪ್ಪಾದ್ರೂ ಅದನ್ನೇ ಹಿಡಿದು ಮುಂದಕ್ಕೆ ಎಳೀಬೇಕು. ಹಿಂದೆ ಹೋದವ ಸೋತ" ಎಂದರು. ಆ ಮಾತು ನನಗೆ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಆಗ ಅವರಿಗೂ ಗೊತ್ತಿರಲಿಲ್ಲ.

ಇನ್ನೊಂದು ಆಯಿತು. ಹರೀಶನ ಪರವಾಗಿ ದಿನಾ ವಾದಿಸಿ ವಾದಿಸಿ ನನಗೆ ಅವನ ಮೇಲಿನ ಸಿಟ್ಟು ಇಳಿದೇಹೋಯಿತು. ಸಂಬಳ ಹೆಚ್ಚಿಸಿ, ದುಡಿಮೆಯ ಹೊತ್ತು ಇಳಿಸಿ ಎಂಬ ಅವರ ಬೇಡಿಕೆ ನ್ಯಾಯದ್ದು ಎಂದು ನನಗೆ ನಿಜವಾಗಿಯೂ ಅನ್ನಿಸಿತು, ಮಳೆಯಲ್ಲಿ ನಡೆಯುವಾಗಲೂ ಅನ್ನಿಸಿತು. ಅವನೂ ಒಂದು ಸಂಜೆ ಚಾಪೆ ಮಡಚುತ್ತಾ, "ಅಕ್ಕ, ಓನರ್‌ಗಳಿಗೂ ಸ್ವಲ್ಪ ಕಷ್ಟ ಉಂಟು ಅಂತ ಈಗ ಗೊತ್ತಾಯ್ತು. ನಮ್ಮವರಿಗೆ ಹೇಳ್ಬೇಡಿ ಆಯ್ತಾ" ಎಂದ.

ಇಂಟರ್‌ವ್ಯೂನ ದಿನ ಮುಷ್ಕರ ಇನ್ನೂ ಮುಗಿದಿರಲಿಲ್ಲ. ಹರೀಶ ಬೆಳಿಗ್ಗೆಯೇ ಸ್ಕೂಟರ್ ತಂದು ಗೇಟಿನಲ್ಲಿ ನಿಲ್ಲಿಸಿದ. ಅಮ್ಮ ದೇವರಿಗೆ ದೀಪ ಇಟ್ಟಳು. ಮಾವ ಅಂಗಳದಲ್ಲಿ ನಿಂತು ಎರಡು ಕೈಯಲ್ಲಿ ಇಲ್ಲದ ತಾಳ ಬಾರಿಸಿ ತೋರಿಸಿದರು. ದಾರಿಯುದ್ದಕ್ಕೂ ಹರೀಶ ಧಣಿಯ ದನಿಯಲ್ಲಿ ಪ್ರಶ್ನೆ ಕೇಳಿದ. ನಾನು ರೈನ್‌ಕೋಟಿನೊಳಗಿಂದ ಕಿರುಚಿ ಉತ್ತರ ಕೊಟ್ಟೆ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವರು ತಿರುಗಿ ನೋಡಿದರು.

ಒಳಗೆ ಮೂವರು ಕೂತಿದ್ದರು. ಇಬ್ಬರು ಗಂಡಸರು, ನಡುವೆ ನರೆಗೂದಲಿನ ಒಬ್ಬ ಡಾಕ್ಟರಮ್ಮ. ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. 'ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್' ಎಂದರು ಡಾಕ್ಟರಮ್ಮ. ನಾನು 'ಮೈ ನೇಮ್ ಈಸ್ ಜಲಜಾಕ್ಷಿ' ಎಂದೆ. ಆಮೇಲೆ ಮತ್ತೆ ಅದೇ ಫ್ಯಾನಿನ ಸದ್ದು. ಎಲ್ಲ ಮುಗಿಯಿತು, ಅಮ್ಮನಿಗೆ ಏನು ಹೇಳಲಿ ಎಂದುಕೊಂಡೆ. ಆಗ ಹೊಳೆಯಿತು. ಇಷ್ಟು ದಿನ ನಾನು ಇಂಗ್ಲಿಷ್ ಮಾತನಾಡಿದ್ದು ಚಾಪೆಯ ಮೇಲೆ ಕೂತು. ಕುರ್ಚಿಯಲ್ಲಿ ಕೂತ ನನಗೆ ಇಂಗ್ಲಿಷ್ ಬರುವುದೇ ಇಲ್ಲ!

ಮೇಜಿನ ಕೆಳಗೆ ಮೆಲ್ಲನೆ ಚಪ್ಪಲಿ ಕಳಚಿದೆ. ಸೀರೆ ಸರಿಮಾಡಿಕೊಳ್ಳುವ ಹಾಗೆ ಮಾಡಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿದೆ. ಬೆನ್ನು ತಾನಾಗಿ ನೆಟ್ಟಗಾಯಿತು. ಬಾಯಿ ತೆರೆಯಿತು. ತೆರೆದದ್ದು ಹೇಗೆಂದರೆ, 'ಸಭೆಯಲ್ಲಿ ನೆರೆದಿರುವ ಮಾನ್ಯರೇ, ನಾನು ಈ ನಗರದ ಕಾರ್ಮಿಕಳು!' ಎಂದು ಕಾರ್ಮಿಕಳ ಪೀಠಿಕೆಯೇ, ಇಂಗ್ಲಿಷಿನಲ್ಲಿ, ಟೀಚರ ಗೇಟಿನ ಹೊರಗಿನವರಿಗೂ ಕೇಳಿಸುವ ದನಿಯಲ್ಲಿ ಹೊರಗೆ ಬಿತ್ತು. ಬರೆಯುತ್ತಿದ್ದ ಗಂಡಸಿನ ಪೆನ್ನು ನಿಂತಿತು. ಮುಷ್ಕರದ ಮಾತನ್ನು ಆಡಳಿತದವರ ಎದುರೇ ಆಡಿಬಿಟ್ಟಿದ್ದೆ.

ಕ್ಷಮಿಸಿ ಎನ್ನಲು ಬಾಯಿ ಹೊರಟಿತು. ಮಾವನ ಕೆಂಪು ಕಣ್ಣು ಕಂಡಿತು. ಹಿಂದೆ ಹೋದವ ಸೋತ. ನಾನು ಮಾತು ನುಂಗಲಿಲ್ಲ, ಅದನ್ನೇ ಹಿಡಿದು ಮುಂದಕ್ಕೆ ಎಳೆದೆ. ಹೌದು, ನಾನು ಕೆಲಸಗಾರ್ತಿಯೇ, ನಿಮ್ಮ ಆಸ್ಪತ್ರೆಯ ಬಾಗಿಲಲ್ಲಿ ಕೂರುವವಳು, ಹೆದರಿಕೊಂಡು ಬಂದವರು ಡಾಕ್ಟರಿಗಿಂತ ಮೊದಲು ನೋಡುವ ಮುಖ ನನ್ನದು ಎಂದೆ. ಅಲ್ಲಿಂದ ಮುಂದಕ್ಕೆ ಅದು ಕಾರ್ಮಿಕಳ ಪೀಠಿಕೆಯಾಗಿ ಉಳಿಯಲಿಲ್ಲ, ನನ್ನದಾಯಿತು. ಉರ್ವದ ಮನೆ, ಅಮ್ಮನ ಮೊಣಕಾಲು, ಇಷ್ಟು ವರ್ಷದಲ್ಲಿ ನಾನು ದಾರಿ ತೋರಿಸಿದ ಜನ, ಎಲ್ಲವೂ ಸಾಲುಗಟ್ಟಿ ಬಂದವು.

ಪೆನ್ನಿನವರು ಧಣಿಯ ಹಾಗೆಯೇ ಹುಬ್ಬು ಗಂಟಿಕ್ಕಿ, ತಡವಾಯಿತೆಂದು ರೋಗಿಯ ಕಡೆಯವರು ಗುಂಪುಕಟ್ಟಿ ಗಲಾಟೆ ಮಾಡಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ನನಗೆ ಹಬ್ಬವಾಯಿತು. ಮೊದಲು ಅವರ ಗ್ರೀವೆನ್ಸ್ ಪೂರ್ತಿ ಕೇಳುತ್ತೇನೆ, ಅಲ್ಟಿಮೇಟಮ್ ಕೊಡುವುದಿಲ್ಲ, ಯಾವ ಡಿಮಾಂಡ್ ಈಗಲೇ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬಿಡಿಸಿ ಹೇಳುತ್ತೇನೆ, ಡೆಡ್‌ಲಾಕ್ ಆಗುವ ಮೊದಲೇ ಡಾಕ್ಟರನ್ನು ಕರೆಸುತ್ತೇನೆ ಎಂದೆ. ಅವರು ಅಡ್ಡ ಪ್ರಶ್ನೆ ಹಾಕಿದರು, ನಾನು ಅವರ ಕೊನೆಯ ಮಾತನ್ನೇ ಎತ್ತಿಕೊಂಡು ಉತ್ತರ ಕೊಟ್ಟೆ. ಕೊನೆಗೆ ಅವರು ಪೆನ್ನು ಮುಚ್ಚಿಟ್ಟು ಬೆನ್ನು ಹಿಂದಕ್ಕೆ ಒರಗಿಸಿದರು.

ಡಾಕ್ಟರಮ್ಮ ನಗು ತಡೆದುಕೊಂಡು, ಈ ಇಂಗ್ಲಿಷನ್ನು ಎಲ್ಲಿ ಕಲಿತಿರಿ ಎಂದರು.

"ಫ್ರಮ್ ದ ಸ್ಟ್ರೈಕ್, ಮ್ಯಾಡಮ್" ಎಂದೆ.

ಎದ್ದಾಗ ಒಂದು ಚಪ್ಪಲಿ ಕಾಲಿಗೆ ಸಿಗಲಿಲ್ಲ, ಮೇಜಿನಡಿ ಆಚೆಗೆ ಜಾರಿತ್ತು. ಪೆನ್ನಿನವರು ಬಗ್ಗಿ ನೋಡಿ, ಶೂಸಿನ ತುದಿಯಿಂದ ಅದನ್ನು ನನ್ನ ಕಡೆ ತಳ್ಳಿದರು. "ಥ್ಯಾಂಕ್ ಯು ಫಾರ್ ಕನ್ಸೀಡಿಂಗ್, ಸರ್" ಎಂದೆ. ಹಿಂದಿನ ದಿನವಷ್ಟೇ ಕಲಿತ ಪದ, ಬಿಟ್ಟುಕೊಟ್ಟದ್ದಕ್ಕೆ ವಂದನೆಗಳು ಎಂದು. ಡಾಕ್ಟರಮ್ಮನಿಗೆ ಇನ್ನು ನಗು ತಡೆಯಲಾಗಲಿಲ್ಲ, ಮೂವರೂ ನಕ್ಕರು. ನಾನು ಬಾಗಿಲು ಎಳೆದುಕೊಂಡ ಮೇಲೂ ಒಳಗಿನಿಂದ ನಗು ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಹೊಸ ಪದ ಬಂತು, 'ಕಾಲ್ಡ್ ಆಫ್'. ಮಾತುಕತೆ ಫಲಿಸಿ ಮುಷ್ಕರ ಹಿಂದಕ್ಕೆ ಪಡೆದಿದ್ದರು, ಬೇಡಿಕೆಗಳಲ್ಲಿ ಮುಖ್ಯವಾದವು ಒಪ್ಪಿಗೆಯಾಗಿದ್ದವು. ಮಧ್ಯಾಹ್ನ ಡಾಕ್ಟರಮ್ಮ ಕೌಂಟರಿಗೇ ಬಂದು ನನ್ನ ಕೈಕುಲುಕಿದರು. ಇಡೀ ಕೌಂಟರಿಗೆ ಇನ್ನು ನೀವೇ ಮುಖ್ಯಸ್ಥೆ ಎಂದರು. ಇವತ್ತಿಗೂ ನಾನು ಅಲ್ಲೇ ಇದ್ದೇನೆ. ನನ್ನ ಕುರ್ಚಿಯ ಕೆಳಗೆ ಚಪ್ಪಲಿ, ಮೇಲೆ ಕಾಲು. ಹೊಸ ಹುಡುಗಿಯರು ಮುಸಿಮುಸಿ ನಗುತ್ತಾರೆ, ನಗಲಿ.

ಆ ಸಂಜೆ ಪಂಪ್‌ವೆಲ್‌ನಲ್ಲಿ ನಾನು ಹತ್ತಿದ್ದು ಹರೀಶನ ಬಸ್ಸನ್ನೇ. ಬಸ್ಸು ಕಿಕ್ಕಿರಿದಿತ್ತು, ಒದ್ದೆ ಕೊಡೆಗಳು, ಮಲ್ಲಿಗೆ, ಡೀಸೆಲ್ಲು. ಅವನು ಹಿಂದಿನ ಬಾಗಿಲಿನಿಂದಲೇ ಕೂಗಿದ, "ಅಕ್ಕಾ, ಎಂತಾಯ್ತು?"

ನಾನು ಬೇಕೆಂದೇ ನಿಧಾನವಾಗಿ ಕೊಡೆ ಮಡಚತೊಡಗಿದೆ. ಅವನಿಗೆ ತಡೆಯಲಾಗಲಿಲ್ಲ. ಜನರ ನಡುವೆ ನುಗ್ಗಿ ಬಂದು, ಕಂಬಿಗೆ ತಾಳದ ಹಾಗೆ ಎರಡು ಏಟು ಬಡಿದ. "ಹೇಳಿ ಮಾರಾಯ್ರೆ! ಪೀಠಿಕೆ ಆಗ್ಲಿ!"

ಕಂಬಿ ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಂಡೆ. ಮೂರು ಜನರ ಎದುರು ಬಾಯಿ ಕಟ್ಟುತ್ತಿದ್ದ ನಾನು ಆ ಇಡೀ ಬಸ್ಸಿನ ಎದುರು ಇಂಗ್ಲಿಷಿನಲ್ಲಿ, ಯಾವ ಪಾತ್ರವೂ ಅಲ್ಲದೆ, ನಿಂತೇ ಹೇಳಿದೆ. ಸಭೆಯಲ್ಲಿ ನೆರೆದಿರುವ ಮಾನ್ಯರೇ, ನಾನು ಉರ್ವದ ಜಲಜಾಕ್ಷಿ, ಸಂಜೀವ ಮಾವನ ಸೋದರ ಸೊಸೆ, ಐರಿನ್ ಟೀಚರ ಶಿಷ್ಯೆ, ಈ ಕಂಡಕ್ಟರನ ಎದುರಾಳಿ. ನಾನಿನ್ನು ಸ್ಟ್ರಾಂಡೆಡ್ ಅಲ್ಲ. ಕೆಲಸ ನನ್ನದು!

ಆಮೇಲೆ ಹಿಂದಿನ ಸೀಟಿನಿಂದ ಯಾರೋ ಚಪ್ಪಾಳೆ ಹೊಡೆದರು, ಬಸ್ಸೆಲ್ಲ ಹೊಡೆಯಿತು. ಹರೀಶ ಕಣ್ಣೊರೆಸಿಕೊಂಡು ಬಾಗಿಲಿಗೆ ಓಡಿದ, ಓಣಿಯೋಣಿಗೂ ಕೇಳುವ ಹಾಗೆ ವಿಸಿಲ್ ಊದಿ, ಇನ್ನು ಹೋಗೋಣ ಎಂದು ತುಳುವಿನಲ್ಲಿ ಕೂಗಿದ, "ರೈಟ್ ಪೋಯಿ!"